ಹಸನದವ್ವನ ಮೂಗು

ಆಕೆಯ ಮೂಗಿನಲ್ಲಿ ಮೂಗುತಿ ಇರಲಿಲ್ಲ. ಮೂಗುತಿಯ ತೂತಿನಲ್ಲಿ ಬೇವಿನ ಕಡ್ಡಿಯ ಒಂದು ಚೂರು ಇರುತ್ತಿತ್ತು. ತೂತು ಮುಚ್ಚಿಹೋಗಬಾರದೆಂದು ಹೆಂಗಸರು ಕಸಬರಿಗೆ ಕಡ್ಡಿ ಸಿಕ್ಕಿಸಿಕೊಳ್ಳುವುದು ನಮ್ಮ ಕಡೆ ಹೊಸದಲ್ಲ, ಆದರೆ ಅದು ಮೂಗುತಿ ಮರಳಿ ಬರುವ ತನಕದ ವ್ಯವಸ್ಥೆ. ಈಕೆಯದು ಕಾಯಂ ವ್ಯವಸ್ಥೆ. ಹಸಿರು ಕಡ್ಡಿ ಒಣಗಿ ಕಂದಾದರೆ ನಮ್ಮ ಹಿತ್ತಲ ಬೇವಿನಿಂದಲೇ ಇನ್ನೊಂದು ಮುರಿದು, ಕನ್ನಡಿಯ ಹಂಗಿಲ್ಲದೆ ಸಿಕ್ಕಿಸಿಕೊಳ್ಳುತ್ತಿದ್ದಳು. ಒಂದು ಮುಷ್ಟಿ ಜೋಳ ಹಿಡಿದು ಮುಖದ ಹತ್ತಿರ ತಂದಳೆಂದರೆ ಹೊಳ್ಳೆಗಳೆರಡೂ ಅಗಲವಾಗಿ ಆ ಕಡ್ಡಿ ಸಣ್ಣಗೆ ಅಲುಗುತ್ತಿತ್ತು. ಮೂಸಿದ ಮೇಲೆ ಒಂದು ಕಾಳನ್ನು ಬಾಯಿಗೆ ಹಾಕಿ ದವಡೆಯಲ್ಲಿ ಕಟ್ ಎಂದು ಕಡಿಯುತ್ತಿದ್ದಳು. ಮೊದಲು ಮೂಗು, ಆಮೇಲೆ ಹಲ್ಲು. ಈ ಕ್ರಮ ತಪ್ಪಿದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ.

ಕಾಳು ಹಸನು ಮಾಡುವುದು ಆಕೆಯ ಕೆಲಸ. ವರ್ಷದ ಜೋಳ, ಗೋಧಿ, ತೊಗರಿಬೇಳೆ ಮನೆಗೆ ಬಂದ ಮೇಲೆ ಅದನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ, ಕಲ್ಲುಮಣ್ಣು ಆರಿಸಿ, ಒಣಗಿಸಿ, ಹುಳ ಹತ್ತದಂತೆ ತುಂಬಿಡುವುದು. ಅಮರಗೋಳದ ಮಾರುಕಟ್ಟೆಯ ಹತ್ತಿರದ ಓಣಿಯಿಂದ ಬಸ್ಸು ಹಿಡಿದು, ತನ್ನದೇ ಮೊರ ಜರಡಿಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಧಾರವಾಡಕ್ಕೆ ಬರುತ್ತಿದ್ದಳು. ನಮ್ಮ ಮೊರವನ್ನು ಮುಟ್ಟುತ್ತಿರಲಿಲ್ಲ, ಅದು ಅಡಿಗೆಮನೆಯ ಮೊರವಂತೆ, ಸೋಮಾರಿ ಮೊರ. ಆಕೆಗೆ ಹೆಸರೊಂದು ಇತ್ತು, ಆದರೆ ನಾನು ಮದುವೆಯಾಗಿ ಬರುವ ಮೊದಲೇ ಮನೆಯಲ್ಲಿ ಎಲ್ಲರೂ ಹಸನದವ್ವ ಎನ್ನುತ್ತಿದ್ದರು, ನಾನೂ ಅದನ್ನೇ ಹಿಡಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಾದ್ದರಿಂದ ಆಕೆಗೆ ಅಕ್ಕಾರು. ನನ್ನ ಅತ್ತೆ ಅವ್ವಾರು.

ಹುಳಹುಪ್ಪಡಿಯ ಮೇಲೆ ಆಕೆಗೆ ಸಿಟ್ಟೇ ಇರಲಿಲ್ಲ. ನನಗೆ ಮೊದಮೊದಲು ಸೋಜಿಗವೆನಿಸಿದ್ದು ಅದೇ. ಜಿರಲೆ ಕಂಡರೆ ನಾನು ಚಪ್ಪಲಿ ಹುಡುಕುವವಳು, ಆಕೆ ಜಿರಲೆ ಎಲ್ಲಿಂದ ಬಂತು ಎಂದು ಹುಡುಕುವವಳು. ಕಾಳಿಗೆಂದು ಬಂದವಳು ಮಧ್ಯಾಹ್ನದ ಚಹಾ ಕೈಯಲ್ಲಿ ಹಿಡಿದು ಇಡೀ ಮನೆಯ ತಪಾಸಣೆಗೆ ಹೊರಡುತ್ತಿದ್ದಳು. ಬಚ್ಚಲ ಮೋರಿಯ ಒಡೆದ ಜಾಳಿಗೆ, ಸಿಲಿಂಡರಿನ ಅಡಿಯ ಎಣ್ಣೆಜಿಡ್ಡು, ನಾನು ಓದುತ್ತೇನೆಂದು ಕೂಡಿಟ್ಟ ರದ್ದಿ ಪೇಪರು, ಒಂದನ್ನೂ ಬಿಡುತ್ತಿರಲಿಲ್ಲ. ಇರುವೆ ಸಾಲು ಕಂಡರೆ ಅದರ ಬೆನ್ನು ಹತ್ತಿ ಹಿತ್ತಲ ಗೋಡೆಯ ಗೂಡಿನ ತನಕ ಹೋಗಿ, ಗೂಡಿನ ಬಾಯಿಗೆ ಚಿಟಿಕೆ ಹಿಟ್ಟು ಬೆಲ್ಲ ಇಟ್ಟು ಬರುತ್ತಿದ್ದಳು. ಬಾಗಿಲಲ್ಲೇ ಊಟ ಸಿಕ್ಕರೆ ಒಳಗೇಕೆ ಬಂದಾವು ಎಂಬುದು ಆಕೆಯ ವಾದ. ಖರೇ ಹೇಳಬೇಕೆಂದರೆ ಕೆಲವು ಬಂದೇ ಬರುತ್ತಿದ್ದವು, ಆಕೆ ಅವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇಲಿಬೋನಿಗೆ ಸುಟ್ಟ ಒಣಕೊಬ್ಬರಿಯೇ ಆಗಬೇಕು. ಒಂದು ಇಲಿ ಬಿದ್ದ ಮೇಲೆ ಬೋನನ್ನು ಕುದಿಯುವ ನೀರಲ್ಲಿ ತೊಳೆಯದೆ ಮತ್ತೆ ಇಟ್ಟರೆ ನನ್ನನ್ನು ಬೈಯುತ್ತಿದ್ದಳು. ಅಣ್ಣ ಸತ್ತ ವಾಸನೆ ಬರುವಲ್ಲಿಗೆ ತಮ್ಮ ಯಾಕೆ ಕಾಲಿಟ್ಟಾನು ಎಂದು ಕೇಳುವಳು. ಇಲಿಗೂ ನೆಂಟಸ್ತನ ಉಂಟೆಂದು ನನಗೆ ಗೊತ್ತಾದದ್ದು ಆಕೆಯಿಂದ.

ಕಾಳಿಗೆ ಕುಳಿತಾಗ ಮಾತ್ರ ಮಾತು ಕಡಿಮೆ. ಮಾಳಿಗೆಯ ಮೇಲೆ ಹಾಸಿದ ಚಾದರದಲ್ಲಿ ಜೋಳವನ್ನು ತೆಳ್ಳಗೆ ಹರವಿ, ಬಿಸಿಲಿಗೆ ಹೆದರಿ ನುಸಿಗಳು ಅಂಚಿಗೆ ನಡೆದು ಹೋಗುವುದನ್ನು ತಾಸುಗಟ್ಟಲೆ ಕಾಯುತ್ತಿದ್ದಳು. ತೊಗರಿಬೇಳೆಗೆ ಔಡಲೆಣ್ಣೆ ಸವರುವಾಗ ಆಕೆಯ ಮುಂಗೈ ತನಕ ಮಿರಿಮಿರಿ ಮಿಂಚುತ್ತಿತ್ತು. ಬೇವಿನ ಸೊಪ್ಪನ್ನು ನೆರಳಲ್ಲೇ ಒಣಗಿಸಬೇಕು, ಡಬ್ಬಿಯಲ್ಲಿ ಒಂದು ಪದರ ಕಾಳಾದ ಮೇಲೆ ಒಂದು ಪದರ ಸೊಪ್ಪು. ಒಮ್ಮೆ ನಾನು ಶಾಲೆಗೆ ಹೊತ್ತಾಯಿತೆಂದು ಬಿಸಿಲಿನಿಂದ ತೆಗೆದ ಜೋಳವನ್ನು ಹಾಗೇ ಡಬ್ಬಿಗೆ ಸುರಿಯಹೋದಾಗ ಕೈ ಹಿಡಿದು ನಿಲ್ಲಿಸಿದಳು.

"ಬಿಸಿ ಕಾಳು ಬೆವರ್ತಾವ್ರಿ ಅಕ್ಕಾರ. ಬೆವತ್ರ ಹುಳಾ ಹತ್ತತಾವ. ಆರಲಿ ತಡೀರಿ, ನಿಮ್ಮ ಸಾಲಿ ಎಲ್ಲಿ ಓಡಿಹೋಗೂದಿಲ್ಲ."

ಹಾಗೆಂದು ಎಲ್ಲ ಜಾಗ್ರತೆಯ ಮೇಲೂ ಶ್ರಾವಣ ಬಂದಾಗ ನಾಲ್ಕು ನುಸಿ ಕಂಡರೆ ಆಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹುಳ ತಿಂದದ್ದನ್ನು ಮನುಷ್ಯ ತಿನ್ನಬಹುದು, ಹುಳವೇ ಮುಟ್ಟದ್ದನ್ನು ವಿಚಾರ ಮಾಡಿ ತಿನ್ನಬೇಕು ಎನ್ನುವಳು. ನಾನು ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೇನೆ.

ಇನ್ನೊಂದು ಪದ್ಧತಿ ಇತ್ತು. ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ಗಂಟು ಇಳಿಸಿ, ಚಪ್ಪಲಿ ಬಿಡುವ ಮೊದಲು ಕೇಳುತ್ತಿದ್ದಳು, "ಗುಳಗಿ ಹಾಕೀರೇನ್ರಿ?" ಗುಳಗಿ ಎಂದರೆ ಗೋದಾಮಿನವರು ಕಾಳಿನ ಚೀಲಗಳ ನಡುವೆ ಇಟ್ಟು, ಮೇಲೆ ತಾಡಪತ್ರಿ ಹೊದಿಸುವ ವಿಷದ ಗುಳಿಗೆ. ಅದರಿಂದ ಹೊರಡುವ ಗಾಳಿಗೆ ಹುಳ ಉಳಿಯುವುದಿಲ್ಲ. ಅದು ಮನೆಯಲ್ಲಿ ಇಡುವ ವಸ್ತುವೇ ಅಲ್ಲ. ಆದರೆ ಮಾರುಕಟ್ಟೆಯ ಬಳಕೆ ಇರುವ ಮನೆತನಗಳಲ್ಲಿ ಅದು ನೆಗಡಿಗೆ ಶುಂಠಿ ಇದ್ದಷ್ಟು ಸಲೀಸು. ಹಾಕಿದ್ದೇವೆ ಎಂದರೆ ಹಸನದವ್ವ ಮರುಮಾತಾಡದೆ ಗಂಟು ಎತ್ತಿಕೊಂಡು ಹೊರಟುಬಿಡುವಳು. ನಮ್ಮ ಓಣಿಯಲ್ಲೇ ಎರಡು ಮನೆ ಹಾಗೆ ಬಿಟ್ಟಿದ್ದಳು. ಕೆಲಸ ಕಳೆದುಕೊಳ್ಳುವಷ್ಟು ಹಟ ಏತಕ್ಕೆಂದು ನನಗೆ ಅನಿಸಿತ್ತು, ಕೇಳಿರಲಿಲ್ಲ.

ಇನ್ನು ನನ್ನ ವಿಷಯಕ್ಕೆ ಬರಬೇಕು. ನನ್ನ ತವರಿನವರದು ಅಮರಗೋಳದಲ್ಲಿ ದಲಾಲಿ ಅಂಗಡಿ. ಅಪ್ಪನ ನಂತರ ಅಣ್ಣ ನೋಡಿಕೊಳ್ಳುತ್ತಾನೆ. ಮದುವೆಯಾದಾಗಿನಿಂದ ನಮ್ಮ ಮನೆಯ ಜೋಳ ತವರಿನಿಂದಲೇ ಬರುತ್ತದೆ. ಒಂದು ವರ್ಷ ಮಳೆ ಹೆಚ್ಚಾಗಿ, ದೀಪಾವಳಿಯ ಹೊತ್ತಿಗೆ ಜೋಳದಲ್ಲಿ ಹುಳವೋ ಹುಳ. ಅತ್ತೆಗೆ ಇಷ್ಟು ಸಾಕಾಯಿತು. ಬಂದ ನೆಂಟರ ಮುಂದೆಲ್ಲ, ನಮ್ಮ ಸೊಸಿ ತವರಮನಿಯವರು ಭಾಳ ಉದಾರಿಗಳು, ಜೋಳದ ಜೋಡಿ ಹುಳಾನೂ ಕೊಟ್ಟು ಕಳಿಸ್ತಾರ ಎಂದು ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ನಾನೂ ನಗುತ್ತಲೇ ಕೇಳಿ, ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ನನ್ನನ್ನು ಏನೆಂದರೂ ತಡೆದೇನು, ತವರನ್ನು ಅಂದರೆ ನನಗೆ ಆಗುವುದಿಲ್ಲ.

ಮುಂದಿನ ಸುಗ್ಗಿಯಲ್ಲಿ ಅಣ್ಣನಿಗೆ ಫೋನು ಮಾಡಿ, ಈ ಸಲ ಒಂದೇ ಒಂದು ಹುಳ ಕಂಡರೂ ನಾನು ಆ ಕಡೆ ತಲೆ ಹಾಕುವುದಿಲ್ಲ ಎಂದು ಹೇಳಿದೆ. ಅಣ್ಣನಿಗೆ ನನ್ನ ಮೇಲೆ ಪ್ರಾಣ. ಮೂರು ಚೀಲ ಜೋಳದ ಜೊತೆಗೆ ಗುಳಗಿಯನ್ನೂ ಕಳಿಸಿದ. ಚೀಲದಲ್ಲಿ ಹಾಕಿ ಬಾಯಿ ಹೊಲಿದುಬಿಡು, ಎರಡು ದಿನ ಬಿಟ್ಟು ಬಿಚ್ಚು, ಮುಗೀತು ಎಂದ. ಅಂಗಡಿಯಲ್ಲಿ ಚಿಕ್ಕಂದಿನಿಂದ ನೋಡಿದ್ದೇನೆ, ನನಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಸನದವ್ವ ಬರುವುದು ಮುಂದಿನ ಸೋಮವಾರ, ಅಷ್ಟರಲ್ಲಿ ಚೀಲ ಬಿಚ್ಚಿ ಗಾಳಿಗಿಟ್ಟರೆ ಆಕೆಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಗಣಿತದ ಅಕ್ಕಾರ ಲೆಕ್ಕ.

ಚೀಲಗಳು ಇದ್ದದ್ದು ನಡುಮನೆಯ ಪಕ್ಕದ ಕೋಣೆಯಲ್ಲಿ. ಅಲ್ಲೇ ಅತ್ತೆಯ ಮಂಚ. ಮೊದಲಿನಿಂದಲೂ ಕಾಳು ಅಲ್ಲೇ, ಅತ್ತೆಯೂ ಅಲ್ಲೇ, ಹಾಗಾಗಿ ಎರಡನ್ನೂ ಬೇರೆ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಸೊಳ್ಳೆ ಬರುತ್ತವೆಂದು ಆ ಕೋಣೆಯ ಕಿಟಕಿಯನ್ನು ಸಂಜೆ ಹಾಕಿದರೆ ಬೆಳಗಿನ ತನಕ ತೆಗೆಯುತ್ತಿರಲಿಲ್ಲ. ಸೊಳ್ಳೆಗೆ ಕಿಟಕಿ ಮುಚ್ಚಿ, ನುಸಿಗೆ ವಿಷ ಇಟ್ಟು, ನಡುವೆ ಅತ್ತೆಯನ್ನು ಮಲಗಿಸಿದೆ.

ಮರುದಿನ ಬೆಳಿಗ್ಗೆ ಯಜಮಾನರು ಹುಬ್ಬಳ್ಳಿಗೆ ಕೆಲಸಕ್ಕೆ ಹೋದ ಮೇಲೆ ಅತ್ತೆ ತಲೆ ಗಿರ್ ಎನ್ನುತ್ತದೆ, ಹೊಟ್ಟೆ ತೊಳಸುತ್ತದೆ ಎಂದರು. ಪಿತ್ತ ಇರಬೇಕೆಂದು ಲಿಂಬೆ ಶರಬತ್ತು ಮಾಡಿಕೊಟ್ಟು, ಮತ್ತೆ ಅದೇ ಕೋಣೆಯಲ್ಲಿ ಮಲಗಿಸಿ ಬಾಗಿಲು ಮುಂದೆ ಮಾಡಿದೆ. ನಿದ್ದೆಗೆ ಭಂಗ ಬರಬಾರದಲ್ಲ. ಕೋಣೆಯಲ್ಲಿ ಏನೋ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬಂದಿತ್ತು, ಮೂಲೆಯಲ್ಲಿ ತೂಗುಬಿಟ್ಟ ಬೆಳ್ಳುಳ್ಳಿ ಗೊಂಚಲನ್ನು ಸಂಜೆ ನೋಡಿದರಾಯಿತು ಎಂದುಕೊಂಡೆ. ಆಗ ಹೊರಗೆ ಗಂಟು ಇಳಿಸಿದ ಸದ್ದು. ಹಸನದವ್ವ. ಬೇರೆ ಮನೆಯವರು ಊರಿಗೆ ಹೋದರಂತೆ, ಸೋಮವಾರದ ಬದಲು ಇವತ್ತೇ ಬಂದಿದ್ದಳು.

"ಗುಳಗಿ ಹಾಕೀರೇನ್ರಿ ಅಕ್ಕಾರ?"

ಹಾಕಿದ್ದೇನೆ ಎಂದರೆ ಆಕೆ ತಿರುಗಿ ಹೋಗುತ್ತಾಳೆ. ಯಾಕೆ ಹೋದಳೆಂದು ಅತ್ತೆ ಕೇಳುತ್ತಾರೆ. ಗುಳಗಿ ಕಳಿಸಿದ್ದು ಯಾರೆಂದು ಹೇಳಬೇಕಾಗುತ್ತದೆ. ಇಷ್ಟೂ ನನ್ನ ತಲೆಯಲ್ಲಿ ಒಂದು ಉಸಿರಿನಲ್ಲಿ ಓಡಿತು.

"ಇಲ್ಲಬೇ," ಎಂದೆ. "ಹಾಕಿಲ್ಲ."

ಆಕೆ ನನ್ನ ಮಾತು ನಂಬಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ನಡುಮನೆ ದಾಟಿ ಕೋಣೆಯ ಬಾಗಿಲು ತೆರೆದವಳು ಅಲ್ಲೇ ನಿಂತಳು. ಕಡ್ಡಿ ಅಲುಗಿದ್ದು ಕಂಡೆ. ನನ್ನ ಕಡೆ ತಿರುಗಿ ನೋಡಲಿಲ್ಲ. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಒಳಗೆ ನುಗ್ಗಿ, ಅತ್ತೆಯನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಅರ್ಧ ನಡೆಸಿ ಅರ್ಧ ಎಳೆದು ಹೊರಗಿನ ಕಟ್ಟೆಗೆ ತಂದು ಕೂಡಿಸಿದಳು. ಮತ್ತೆ ಹೋಗಿ ಕಿಟಕಿ ತೆರೆದು ಬಂದಳು. ಅರವತ್ತು ದಾಟಿದ, ಕಡ್ಡಿಯಂಥ ಹೆಂಗಸು. ಅತ್ತೆಯ ತುಟಿ ಬೆಳ್ಳಗಾಗಿತ್ತು. ನಾನು ಬಿಂದಿಗೆ ಹಿಡಿದು ಕೋಣೆಯತ್ತ ಓಡಿದೆ, ಚೀಲದ ಮೇಲೆ ನೀರು ಸುರಿದರೆ ಅದು ತಣ್ಣಗಾದೀತು ಎಂದು. ಆಕೆ ಬಿಂದಿಗೆ ಕಿತ್ತುಕೊಂಡಳು.

"ನೀರು ಬ್ಯಾಡ. ನೀರು ತಾಗಿದ್ರ ಅದು ಹೆಚ್ಚಾಗತದ. ಯಾರೂ ಒಳಗ ಹೋಗಬ್ಯಾಡ್ರಿ, ರಿಕ್ಷಾ ಕರೀರಿ. ಡಾಕ್ಟರ ಮುಂದ ಗುಳಗಿ ಅಂತ ಖರೇ ಹೇಳ್ರಿ, ಅಲ್ಲಿ ಸುಳ್ಳ ಹೇಳಬ್ಯಾಡ್ರಿ."

ಅಲ್ಲಿ ಎಂದಳು. ಇಲ್ಲಿ ಹೇಳಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆಸ್ಪತ್ರೆಯಲ್ಲಿ ಖರೇ ಹೇಳಿದೆ. ಡಾಕ್ಟರು ಹೌಹಾರಿ, ಆಕ್ಸಿಜನ್ ಹಚ್ಚಿ, ಒಳಗೆ ಕರೆದುಕೊಂಡು ಹೋದರು. ಇನ್ನೊಂದೆರಡು ತಾಸು ಅದೇ ಕೋಣೆಯಲ್ಲಿದ್ದಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ನಾನು ಮತ್ತು ಹಸನದವ್ವ ಕುಳಿತೆವು. ಆಕೆಯ ಮಡಿಲಲ್ಲಿ ಮೊರ ಜರಡಿಯ ಗಂಟು ಇತ್ತು, ಆ ಗಡಿಬಿಡಿಯಲ್ಲೂ ಅದನ್ನು ಬಿಟ್ಟು ಬಂದಿರಲಿಲ್ಲ. ನಾನು ಅಳುತ್ತಿದ್ದೆ. ತಪ್ಪಾಯಿತು ಎಂದು ಎಷ್ಟು ಸಲ ಹೇಳಿದೆನೋ. ಆಕೆ ಗಂಟನ್ನು ನೋಡುತ್ತ ಹೇಳಿದಳು.

"ನಮ್ಮ ಮನಿಯವರು ಹಮಾಲಿ ಮಾಡ್ತಿದ್ರು. ಮಧ್ಯಾಹ್ನ ಉಂಡು ಗೋದಾಮಿನ್ಯಾಗ ಚೀಲದ ಮ್ಯಾಲೆ ಅಡ್ಡಾಗೂದು ರೂಢಿ. ಅವತ್ತೂ ಕೇಳ್ಯಾರ, ಗುಳಗಿ ಹಾಕೀರೇನ್ರಿ ಅಂತ. ಇಲ್ಲೋ ಮಲಕೋ ಅಂದ್ನಂತ ಅಂಗಡಿ ಲೆಕ್ಕ ಬರಿಯೂ ದಿವಾನಜಿ. ಅವಂಗೂ ಕೊಲ್ಲಬೇಕಂತ ಏನಿರಲಿಲ್ಲರಿ. ಹಾಕೇವಿ ಅಂದ್ರ ಹಮಾಲರು ಒಳಗ ಹೋಗೂದಿಲ್ಲ, ಲಾರಿ ಲೋಡಾಗೂದಿಲ್ಲ. ಅಷ್ಟ ಆಗಿತ್ತು."

ಗಂಟಿನ ತುದಿಯನ್ನು ಇನ್ನೊಮ್ಮೆ ಬಿಗಿದು, "ಆ ವಾಸನಿ ಅವರ ಅಂಗಿಗೆ ಇತ್ತು," ಎಂದಳು.

ಯಾವ ಅಂಗಡಿಯ ಗೋದಾಮು ಎಂದು ನಾನು ಕೇಳಲಿಲ್ಲ. ಆ ಮಾರುಕಟ್ಟೆಯಲ್ಲಿ ನೂರಾರು ಅಂಗಡಿಗಳಿವೆ ಎಂದು ನನಗೆ ನಾನೇ ಹೇಳಿಕೊಂಡೆ. ಕೇಳುವ ಧೈರ್ಯ ಅವತ್ತು ಇರಲಿಲ್ಲ, ಆಮೇಲೂ ಬರಲಿಲ್ಲ. ಆದರೆ ಮನೆ ಮನೆಯ ಹೊಸ್ತಿಲಲ್ಲಿ ಆಕೆ ಕೇಳುತ್ತಿದ್ದುದು ತನ್ನ ಗಂಡನ ಕೊನೆಯ ಪ್ರಶ್ನೆ ಎಂಬುದು ಆ ಬೆಂಚಿನ ಮೇಲೆ ನನಗೆ ತಿಳಿಯಿತು. ನಾನು ಕೊಟ್ಟದ್ದು ಆ ದಿವಾನಜಿ ಕೊಟ್ಟ ಉತ್ತರವನ್ನೇ. ಅವನಿಗೆ ಲಾರಿಯ ಚಿಂತೆ ಇತ್ತು, ನನಗೆ ತವರಿನ ಮಾನದ್ದು. ಅಷ್ಟೇ ವ್ಯತ್ಯಾಸ.

ಅತ್ತೆ ನಾಲ್ಕನೆಯ ದಿನ ಮನೆಗೆ ಬಂದರು. ಅಣ್ಣ ಓಡಿ ಬಂದು ಅವರ ಕಾಲು ಹಿಡಿದ. ಅವನು ತಾನೇ ಅನುಭವದ ಹಮಾಲರನ್ನು ಕರೆತಂದು ಚೀಲಗಳನ್ನು ತೆಗೆಸಿ ಒಯ್ದಿದ್ದ. ಅತ್ತೆ ಅವನನ್ನು ಎಬ್ಬಿಸಿ, ಇನ್ನೂ ಏರುಪೇರಾಗುತ್ತಿದ್ದ ಉಸಿರಿನಲ್ಲೇ, "ನಿಮ್ಮ ಹುಳಾನ ಛಲೋ ಇದ್ದೂ ಬಿಡಪಾ, ಅವನ್ನ ಕಳಿಸು," ಎಂದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಹಸನದವ್ವನಿಗೆ ಹೇಗೆ ಗೊತ್ತಾಯಿತೆಂದು ಅತ್ತೆ ಕೇಳಿದಾಗ ಆಕೆ, ವಾಸನಿ ಬಂತ್ರಿ ಎಂದಷ್ಟೇ ಹೇಳಿದಳು. ಹೊಸ್ತಿಲಲ್ಲಿ ಕೇಳಿದ್ದು, ನಾನು ಇಲ್ಲ ಎಂದದ್ದು ಆಕೆಯ ಬಾಯಿಂದ ಹೊರಬೀಳಲಿಲ್ಲ. ಅತ್ತೆಗೆ ನಾನೂ ಹೇಳಿಲ್ಲ. ಯಾರಾದರೂ ಇದನ್ನು ಅವರಿಗೆ ಓದಿ ಹೇಳಿದರೆ ಹೇಳಲಿ, ಬೈಸಿಕೊಳ್ಳಲು ತಯಾರಿದ್ದೇನೆ.

ಮುಂದಿನ ವರ್ಷ ಆಕೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಹೊಸ್ತಿಲ ಹೊರಗೆ ಗಂಟು ಇಳಿಸಿದಳು. ನಾನು ಉತ್ತರವನ್ನು ನಾಲಿಗೆಯ ತುದಿಯಲ್ಲಿ ಹಿಡಿದು ನಿಂತಿದ್ದೆ. ಆಕೆ ಕೇಳಲಿಲ್ಲ. ಒಳಗೆ ಬಂದು ಕೋಣೆ ಕೋಣೆಗೆ ಹೋಗಿ ಮೂಸಿದಳು, ಚೀಲದ ಬಾಯಿಗೆ ಮೂಗು ಹಚ್ಚಿದಳು, ಆಮೇಲೆ ಕುಳಿತು ಕೆಲಸ ಸುರುಮಾಡಿದಳು. ಮಾತು, ನಗೆ, ಇರುವೆಯ ಊಟ, ಇಲಿಯ ನೆಂಟಸ್ತನ, ಎಲ್ಲ ಮೊದಲಿನಂತೆಯೇ. ಆ ಪ್ರಶ್ನೆಯೊಂದು ಇಲ್ಲ. ಪಕ್ಕದ ಮನೆಯಲ್ಲಿ ಕೇಳುತ್ತಿದ್ದಳು, ಎದುರಿನ ಮನೆಯಲ್ಲಿ ಕೇಳುತ್ತಿದ್ದಳು, ನಮ್ಮ ಕಿಟಕಿಗೆ ಕೇಳಿಸುತ್ತಿತ್ತು. ನನ್ನನ್ನು ಮಾತ್ರ ಕೇಳುತ್ತಿರಲಿಲ್ಲ. ಎರಡನೆಯ ವರ್ಷ ನಾನೇ ಮುಂದಾಗಿ, ಗುಳಗಿ ಹಾಕಿಲ್ಲಬೇ ಎಂದೆ. ಹೂಂ ಎಂದು ಒಳಗೆ ಹೋಗಿ ಮೂಸಿದಳು. ಹೀಗೆ ಏಳು ಸುಗ್ಗಿ ಕಳೆದವು. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಆಕೆಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದು ನನಗೆ ಗೊತ್ತು. ನನ್ನ ಮಾತಿಗೆ ತೂಕ ಇರಲಿಲ್ಲ, ಅಷ್ಟೇ. ಅದಕ್ಕೆ ಆಕೆಯಾದರೂ ಏನು ಮಾಡಬೇಕು?

ಆ ಏಳು ವರ್ಷದಲ್ಲಿ ನಾನು ಒಂದು ಕೆಲಸ ಮಾಡಿದೆ. ರಜೆ ಹಾಕಿ ಆಕೆಯ ಜೊತೆ ಮಾಳಿಗೆಯಲ್ಲಿ ಕುಳಿತು ಕೇರುವುದು, ಆರಿಸುವುದು, ಕಾಯುವುದು ಕಲಿತೆ. ಮೊರ ಹಿಡಿಯುವ ನನ್ನ ಕೈ ನೋಡಿ, ಅಕ್ಕಾರು ಪಾಟಿ ಹಿಡಿದಂಗ ಹಿಡೀತಾರ ಎಂದು ನಗುತ್ತಿದ್ದಳು. ತವರಿಗೆ ಹೋದಾಗ ಅಣ್ಣನ ಗೋದಾಮಿನ ಬಾಗಿಲಿಗೆ, ಗುಳಗಿ ಹಾಕಿದ ದಿನ ಕಾಣುವಂತೆ ಕೆಂಪು ಬಟ್ಟೆ ಕಟ್ಟಿಸಿ, ಕೀಲಿ ಹಾಕುವ ರೂಢಿ ಮಾಡಿಸಿದೆ. ಅವನು ನನ್ನ ಮಾತು ಕೇಳಿದ. ಅವನೂ ಹೆದರಿದ್ದ.

ಹಸನದವ್ವ ತೀರಿಕೊಂಡು ಈ ಯುಗಾದಿಗೆ ಒಂದು ವರ್ಷವಾಯಿತು. ತೀರಿಕೊಳ್ಳುವ ಹತ್ತು ದಿನ ಮೊದಲು ಆಕೆಯನ್ನು ನೋಡಿದ್ದೆ. ಸುಗ್ಗಿ ಬಂದರೂ ಆಕೆ ಬರಲಿಲ್ಲವೆಂದು ಫೋನು ಮಾಡಿದರೆ ಮಗಳು ಎತ್ತಿ, ಅವ್ವ ಹಾಸಿಗೆ ಹಿಡಿದಿದ್ದಾಳೆ, ಕಣ್ಣೂ ಮಸುಕಾಗಿವೆ ಎಂದಳು. ಆ ವರ್ಷದ ಜೋಳವನ್ನು ನಾನೊಬ್ಬಳೇ ಹಸನು ಮಾಡಿದೆ. ನಾಲ್ಕು ದಿನ ಬಿಸಿಲು, ಒಂದು ದಿನ ನೆರಳು, ಬೇವು. ಅದರಲ್ಲಿ ಒಂದು ಸೇರು ಚೀಲಕ್ಕೆ ಹಾಕಿಕೊಂಡು, ಅತ್ತೆ ಕೊಟ್ಟ ಕುಪ್ಪಸದ ಬಟ್ಟೆ ಇಟ್ಟುಕೊಂಡು, ಅಮರಗೋಳದ ಬಸ್ಸು ಹತ್ತಿದೆ. ಇಪ್ಪತ್ತೈದು ವರ್ಷ ಮಕ್ಕಳ ಪರೀಕ್ಷೆ ತೆಗೆದುಕೊಂಡವಳು ಅವತ್ತು ಪರೀಕ್ಷೆ ಕೊಡಲು ಹೊರಟಿದ್ದೆ.

ಬಾಗಿಲ ಹತ್ತಿರದ ಮಂಚದಲ್ಲಿ ಗೋಡೆಗೊರಗಿ ಕುಳಿತಿದ್ದಳು. ಇನ್ನಷ್ಟು ಸಣ್ಣಗಾಗಿದ್ದಳು. ಮೂಗಿನಲ್ಲಿ ಕಡ್ಡಿ ಇತ್ತು, ಹಸಿರು ಕಡ್ಡಿಯೇ, ಮಗಳು ಸಿಕ್ಕಿಸಿದ್ದಂತೆ. ಅತ್ತೆಯ ಆರೋಗ್ಯ ಕೇಳಿದಳು, ಬಚ್ಚಲ ಜಾಳಿಗೆ ಹಾಕಿಸಿದಿರೇನು ಎಂದು ಕೇಳಿದಳು. ನಾನು ಜೋಳದ ಚೀಲವನ್ನು ಆಕೆಯ ಮಡಿಲಲ್ಲಿಟ್ಟು, ಇದು ನಾನು ಮಾಡಿದ್ದು ಎಂದೆ. ಆಕೆ ಚೀಲದ ಮೇಲೆ ಕೈ ಆಡಿಸಿದಳು, ಅದನ್ನು ಬಿಚ್ಚಲಿಲ್ಲ. ನಾನಿರುವ ಕಡೆ ಮುಖ ಎತ್ತಿದಳು.

"ಗುಳಗಿ ಹಾಕೀರೇನ್ರಿ ಅಕ್ಕಾರ?"

ಏಳು ವರ್ಷದಿಂದ ಕಾಯ್ದಿದ್ದ ಮಾತು.

"ಇಲ್ಲಬೇ," ಎಂದೆ. "ಹಾಕಿಲ್ಲ."

ಆಕೆ ಚೀಲದ ಬಾಯಿ ಬಿಚ್ಚಿ, ಕೈ ಹಾಕಿ ಒಂದು ಮುಷ್ಟಿ ತೆಗೆದಳು. ಕೈ ಮೇಲೆ ಬಂತು. ನಾನು ಆ ಕಡ್ಡಿಯನ್ನೇ ನೋಡುತ್ತ ಕುಳಿತಿದ್ದೆ. ಅದು ಅಲುಗಲಿಲ್ಲ. ಮುಷ್ಟಿ ಮೂಗಿನ ಹತ್ತಿರ ನಿಲ್ಲದೆ ನೇರ ಬಾಯಿಗೆ ಹೋಯಿತು, ಉಳಿದಿದ್ದ ಎರಡು ದವಡೆ ಹಲ್ಲಿನ ನಡುವೆ ಒಂದು ಕಾಳು ಕಟ್ ಎಂದಿತು.